ಪ್ಯಾಂಕ್ರಿಯಾಟೈಟಿಸ್: ಕಾರಣದ ಸುಳಿವು ಮೊದಲ ರಕ್ತದಲ್ಲೇ ಇರುತ್ತದೆ

ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು, ಅದು ಬೆನ್ನಿಗೂ ಹಾಯುತ್ತದೆ, ವಾಂತಿ ಬೇರೆ. ಮನೆಯವರು ‘ಗ್ಯಾಸ್ಟ್ರಿಕ್’ ಎಂದೇ ಕರೆತರುತ್ತಾರೆ. ಆದರೆ ಇದು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಆಗಿರಬಹುದು. ಹೃದಯಾಘಾತವೂ ಹೀಗೇ ಕಾಣಿಸಿಕೊಳ್ಳುವುದರಿಂದ ಮೊದಲು ಇಸಿಜಿ ತೆಗೆಸುತ್ತೇನೆ. ಡ್ರಿಪ್‌ಗೆ ಸೂಜಿ ಹಾಕಿದ ಕೂಡಲೇ, ದ್ರವ ಬಿಡುವ ಮುಂಚೆ, ರಕ್ತ ತೆಗೆದಿಡುತ್ತೇನೆ: ಲೈಪೇಸ್ (ಈ ಗ್ರಂಥಿಯ ಕಿಣ್ವ), ಎಎಲ್‌ಟಿ (ಯಕೃತ್ತಿನ ಕಿಣ್ವ), ಬಿಲಿರುಬಿನ್ (ಪಿತ್ತದ ಬಣ್ಣ), ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು), ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಪ್ರೋಟೀನ್), ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಯಲು). ನಾಳೆ ತೆಗೆದರಾಯಿತು ಎಂದು ಬಿಟ್ಟರೆ ಇವುಗಳಲ್ಲಿ ಕೆಲವು ಅಷ್ಟರಲ್ಲಿ ಬದಲಾಗಿರುತ್ತವೆ.

ರೋಗ ಖಚಿತವಾಗಲು 2012ರ ಪರಿಷ್ಕೃತ ಅಟ್ಲಾಂಟಾ ಮಾನದಂಡ ಸಾಕು: ಇಂಥದೇ ನೋವು, ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿನ ಲೈಪೇಸ್ ಅಥವಾ ಅಮೈಲೇಸ್ (ಇದೇ ಗ್ರಂಥಿಯ ಇನ್ನೊಂದು ಕಿಣ್ವ), ಸ್ಕ್ಯಾನ್‌ನಲ್ಲಿ ಊತ, ಈ ಮೂರರಲ್ಲಿ ಎರಡಿರಬೇಕು. ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಲೈಪೇಸ್ ಆರಿಸುತ್ತೇನೆ. ಅಮೈಲೇಸ್ ಮೂರರಿಂದ ಐದು ದಿನದಲ್ಲಿ ಇಳಿದುಬಿಡುತ್ತದೆ, ಲೈಪೇಸ್ ವಾರದಾಚೆಗೂ ನಿಲ್ಲುತ್ತದೆ. ಮಂಗನಬಾವಿನಲ್ಲಿ, ಕೀಟನಾಶಕ ಕುಡಿದವರಲ್ಲಿ ಜೊಲ್ಲುಗ್ರಂಥಿಯಿಂದಲೂ ಅಮೈಲೇಸ್ ಏರುತ್ತದೆ. ಮೂತ್ರಪಿಂಡ ಸೋತವರಲ್ಲಿ ಎರಡೂ ಏರಬಹುದು.

ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಹಾಲಿನಂತೆ ಕಂಡರೆ ತಕ್ಷಣ ಫೋನ್ ಮಾಡಿ ಎಂದು ಲ್ಯಾಬ್‌ನವರಿಗೆ ಹೇಳಿಟ್ಟಿರುತ್ತೇನೆ. ಟ್ರೈಗ್ಲಿಸರೈಡ್ ಡೆಸಿಲೀಟರ್‌ಗೆ 1000 ಮಿಗ್ರಾಂ ದಾಟಿದರೆ ಅದೇ ಕಾರಣವಾಗಿರಬಹುದು. ಹಿಂದೆ ಹೆಚ್ಚಾಗಿ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇರುತ್ತದೆ. ಇಂಥ ಸೀರಂನಲ್ಲಿ ಅಮೈಲೇಸ್ ಸುಳ್ಳಾಗಿ ಸಹಜ ಬರಬಹುದು, ತೆಳುಮಾಡಿ ಮತ್ತೆ ನೋಡಬೇಕು. ಉಪವಾಸ, ಡ್ರಿಪ್ ಸಾಗಿದಂತೆ ಕೊಬ್ಬು ಇಳಿಯುತ್ತದೆ. ಮೂರನೇ ದಿನ ಲಿಪಿಡ್ (ಕೊಬ್ಬಿನ) ಪರೀಕ್ಷೆ ಬರೆದು ‘ನಾರ್ಮಲ್’ ಎಂದರೆ ಮೋಸಹೋದಂತೆ.

ಕ್ಯಾಲ್ಸಿಯಂನದು ಇದಕ್ಕೆ ತಿರುಗುಮುರುಗು. ಹೆಚ್ಚಿದ ಕ್ಯಾಲ್ಸಿಯಂ ಕೂಡ ಒಂದು ಕಾರಣ; ಆದರೆ ಉರಿಯೂತವೇ ಅದನ್ನು ಇಳಿಸುವುದರಿಂದ, ಅದನ್ನು ಏರಿಸುವ ಪ್ಯಾರಾಥೈರಾಯ್ಡ್ (ಕುತ್ತಿಗೆಯ ಸಣ್ಣ ಗ್ರಂಥಿ) ತೊಂದರೆ ಮುಚ್ಚಿಹೋಗಬಹುದು. ಗುಣವಾದ ಮೇಲೆ ಮತ್ತೊಮ್ಮೆ ಮಾಡಿಸುತ್ತೇನೆ.

ಮೊದಲ ಎರಡು ದಿನದಲ್ಲಿ ಎಎಲ್‌ಟಿ 150 ಯೂನಿಟ್ ದಾಟಿದ್ದರೆ ಪಿತ್ತಕೋಶದ ಕಲ್ಲಿನ ಮೇಲೆ ಬಲವಾದ ಅನುಮಾನ. ದಾಟದಿದ್ದರೆ ಕಲ್ಲಿಲ್ಲ ಎಂದೇನಲ್ಲ. ಮೊದಲ ದಿನದ ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗಾಳಿ ಅಡ್ಡ ಬರುತ್ತದೆ; ಹೊಟ್ಟೆಯುಬ್ಬರ ಇಳಿದ ಮೇಲೆ ಮತ್ತೆ ಮಾಡಿಸುತ್ತೇನೆ. ಮರಳಿನಂಥ ಕಲ್ಲು ಅದರಲ್ಲೂ ತಪ್ಪಿಸಿಕೊಂಡರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದ ಮಾಡುವ ಸ್ಕ್ಯಾನ್).

‘ಕುಡಿಯುತ್ತೀರಾ?’ ಎಂದು ಕೇಳಿ ಬಿಡಬಾರದು. ದಿನಕ್ಕೆಷ್ಟು, ಎಷ್ಟು ವರ್ಷದಿಂದ ಎಂದು ಕೇಳಬೇಕು. 180 ಎಂಎಲ್‌ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ದಿನಾ ಅಷ್ಟು, ಐದು ವರ್ಷ ಮೀರಿ ಆಗಿದ್ದರೆ ಕಾರಣವೆಂದು ಒಪ್ಪುತ್ತೇನೆ. ಹಬ್ಬಕ್ಕೊಮ್ಮೆ ಕುಡಿದವರ ತಲೆಗೆ ಕಟ್ಟಿದರೆ ಕಲ್ಲು ಹುಡುಕುವುದೇ ನಿಂತುಹೋಗುತ್ತದೆ. ಕೆಲವು ಔಷಧಗಳೂ ಕಾರಣವಾಗುವುದರಿಂದ ಅಜಾಥಯೋಪ್ರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವುದು), ವಾಲ್ಪ್ರೊಯೇಟ್ (ಮೂರ್ಛೆರೋಗದ್ದು) ಮಾತ್ರೆ ತಗೊಳ್ಳುತ್ತಾರೋ ಎಂದೂ ಕೇಳುತ್ತೇನೆ.

ಸಿಟಿ ಸ್ಕ್ಯಾನ್‌ಗೆ ನನ್ನ ಅವಸರವಿಲ್ಲ. 72 ಗಂಟೆಗೆ ಮುಂಚೆ ಮಾಡಿದರೆ ಅಂಗಾಂಶ ಸತ್ತಿರುವುದು ಕಡಿಮೆಯಾಗಿ ಕಾಣುತ್ತದೆ. ರೋಗ ಯಾವುದೆಂದೇ ಗೊಂದಲವಿದ್ದರೆ ಮಾತು ಬೇರೆ.

ಚಿಕ್ಕ ವಯಸ್ಸಿನವರಿಗೆ ಪದೇ ಪದೇ ಬಂದು, ಗ್ರಂಥಿಯ ನಾಳದಲ್ಲೇ ಕಲ್ಲು ಕಂಡರೆ ಜೀನ್ ಪರೀಕ್ಷೆಗೆ ಕಳಿಸುತ್ತೇನೆ. ದಕ್ಷಿಣ ಭಾರತದ ಈ ಬಗೆಯ ಕಾಯಿಲೆಗೆ ಮರಗೆಣಸೇ ಕಾರಣವೆಂಬ ವಾದವಿತ್ತು. ಈಗ ಸ್ಪಿಂಕ್1 ಜೀನಿನ ಬದಲಾವಣೆಗೆ ಹೆಚ್ಚು ಆಧಾರವಿದೆ. ನಲವತ್ತು ದಾಟಿದವರಲ್ಲಿ ಏನೂ ಸಿಗದಿದ್ದರೆ ಊತ ಇಳಿದ ಮೇಲೆ ಮತ್ತೆ ಸ್ಕ್ಯಾನ್: ನಾಳವನ್ನು ಒತ್ತುವ ಸಣ್ಣ ಗಡ್ಡೆ ಊತದ ನಡುವೆ ಕಾಣಿಸುವುದಿಲ್ಲ.