ಬಳ್ಳಾರಿಯ ಪಿನ್‌ಕೋಡ್ ಒಡೆದು ನೋಡುವುದು ಹೇಗೆ?

ಆರಂಕಿಯ ಸಂಖ್ಯೆಯ ಗುಣ ತಿಳಿಯಬೇಕಾದರೆ ಅದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕು. ಕ್ಯಾಲ್ಕುಲೇಟರ್ ಬೇಡ, ಹಾಳೆ ಪೆನ್ನು ಸಾಕು. ಬಳ್ಳಾರಿಯ ಪಿನ್‌ಕೋಡ್ 583101 ತೆಗೆದುಕೊಳ್ಳೋಣ.

ಮೊದಲು ಕೊನೆಯ ಅಂಕಿ ನೋಡಿ. 1 ಇದೆ. ಅಂದಮೇಲೆ ಇದು ಬೆಸ ಸಂಖ್ಯೆ, 5ರಿಂದಲೂ ಭಾಗವಾಗುವುದಿಲ್ಲ. ಆಮೇಲೆ ಅಂಕಿಗಳನ್ನು ಕೂಡಿಸಿ. 18 ಬರುತ್ತದೆ. 18 ಒಂಬತ್ತರ ಮಗ್ಗಿಯಲ್ಲಿದೆ, ಹಾಗಾಗಿ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ: 583101 = 9 × 64789. 64789ರ ಅಂಕಿಗಳ ಮೊತ್ತ 34. ಇಲ್ಲಿಗೆ 3ರ ಕೆಲಸ ಮುಗಿಯಿತು.

ಈಗ 7, 11, 13. ಇಲ್ಲಿ ನನಗೆ ಬಹಳ ಇಷ್ಟವಾದ ಉಪಾಯವಿದೆ. 7 × 11 × 13 = 1001. ಪಿನ್‌ಕೋಡನ್ನು ಮೂರು ಮೂರು ಅಂಕಿಯಾಗಿ ಮುರಿದು ಕಳೆಯಿರಿ: 583 − 101 = 482. ನಮ್ಮ ಸಂಖ್ಯೆ ಅಂದರೆ 583 × 1001ರಲ್ಲಿ 482 ಕಳೆದದ್ದು, ಅಷ್ಟೇ. 1001 ಈ 7, 11, 13 ಮೂರೂ ಸಂಖ್ಯೆಗಳಿಂದ ಭಾಗವಾಗುವುದರಿಂದ 482 ಒಂದನ್ನೇ ಪರೀಕ್ಷಿಸಿದರೆ ಸಾಕು. ಅದು ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ. ರಾಯಚೂರಿನ 584101 ನೋಡಿ: 584 − 101 = 483, ಅಂದರೆ 7 × 69. ಹಾಗಾಗಿ ರಾಯಚೂರಿನ ಪಿನ್‌ಕೋಡ್ 7ರಿಂದ ಭಾಗವಾಗುತ್ತದೆ. ಕೊಪ್ಪಳದ 583231ರಲ್ಲಿ 583 − 231 = 352, ಅಂದರೆ 11 × 32. ಅದು 11ರಿಂದ ಭಾಗವಾಗುತ್ತದೆ. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಭಾಗಾಕಾರ ಉಳಿಯಿತು, ಅಲ್ವಾ?

ಮುಂದಿನದಕ್ಕೆ ತಾಳ್ಮೆ ಬೇಕು. 64789ನ್ನು 17, 19, 23 ಹೀಗೆ ಅವಿಭಾಜ್ಯಗಳಿಂದ ಮಾತ್ರ ಭಾಗಿಸುತ್ತಾ ಹೋಗಿ. ಶೇಷ ಉಳಿಯುತ್ತಲೇ ಇರುತ್ತದೆ. ಬೇಜಾರಾಗಿ ಬಿಡಬೇಡಿ, 67ಕ್ಕೆ ಬಂದಾಗ ಸರಿಯಾಗಿ 967 ಸಿಗುತ್ತದೆ. 967ನ್ನು ಮತ್ತೆ ಒಡೆಯಬಹುದೇ? ಇಲ್ಲ. 67ಕ್ಕಿಂತ ಚಿಕ್ಕ ಅವಿಭಾಜ್ಯಗಳನ್ನೆಲ್ಲ ಆಗಲೇ ನೋಡಿ ಬಿಟ್ಟಿದ್ದೇವೆ. 67ರ ವರ್ಗ 4489, ಅದು 967ಕ್ಕಿಂತ ಜಾಸ್ತಿ. ಆದ್ದರಿಂದ 967 ಅವಿಭಾಜ್ಯವೇ.

583101 = 3 × 3 × 67 × 967.

ಇದಿಷ್ಟು ಗೊತ್ತಾದರೆ ವಿಂಗಡಣೆ ಸುಲಭ. 67, 967 ಒಂದೊಂದೇ ಸಲ ಬಂದಿವೆ, ಹಾಗಾಗಿ ಇದು ಪೂರ್ಣ ವರ್ಗ ಅಲ್ಲ. 3 ಎರಡು ಸಲ, ಉಳಿದವು ಒಂದೊಂದು ಸಲ; ಪ್ರತಿಯೊಂದಕ್ಕೂ ಒಂದು ಸೇರಿಸಿ ಗುಣಿಸಿ: 3 × 2 × 2 = 12. ಇದಕ್ಕೆ 12 ಅಪವರ್ತನಗಳಿವೆ. ಸಂಖ್ಯೆಯನ್ನೇ ಬಿಟ್ಟು ಉಳಿದ 11ನ್ನು ಕೂಡಿಸಿದರೆ 272611. 6, 28ರಂಥ ಪರಿಪೂರ್ಣ ಸಂಖ್ಯೆಗಳಲ್ಲಿ ಈ ಮೊತ್ತ ಆ ಸಂಖ್ಯೆಗೇ ಸಮ. ಇಲ್ಲಿ ಅರ್ಧಕ್ಕೂ ಕಡಿಮೆ, ಆದ್ದರಿಂದ ಇದು ನ್ಯೂನ ಸಂಖ್ಯೆಗಳ ಗುಂಪಿಗೆ ಸೇರುತ್ತದೆ.

ಕೊಪ್ಪಳದ ಸಂಖ್ಯೆಯನ್ನು ನೀವೇ ಒಡೆಯಿರಿ. 11 ತೆಗೆದ ಮೇಲೆ 53021 ಉಳಿಯುತ್ತದೆ, ಅದು 37 × 1433. ಇಲ್ಲಿ ಮಾತ್ರ ಸ್ವಲ್ಪ ಹುಷಾರು. 37ರ ವರ್ಗ 1369, ಅದು 1433ಕ್ಕಿಂತ ಕಡಿಮೆ. ಆದ್ದರಿಂದ 1433ನ್ನು ಇನ್ನೊಮ್ಮೆ 37ರಿಂದ ಭಾಗಿಸಿ ನೋಡಿಯೇ ಅದನ್ನು ಅವಿಭಾಜ್ಯ ಎನ್ನಬೇಕು.