ಕಟ್ಟಡದ ಇಂಗಾಲದ ಲೆಕ್ಕ: ತಲೆಗೆಷ್ಟು ಎಂದು ಹಾಕುವುದು ಹೇಗೆ

ಕಟ್ಟುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಚದರ ಮೀಟರಿಗೆ ಇಷ್ಟು ಎಂದು ಹೇಳುವುದು ರೂಢಿ. ಆ ಲೆಕ್ಕದಲ್ಲಿ ಇಬ್ಬರ ಬಂಗಲೆಗೂ ನಲವತ್ತು ಮಕ್ಕಳ ಶಾಲೆಗೂ ಒಂದೇ ಅಂಕಿ ಬರಬಹುದು. ಜನರ ಬದುಕಿನ ಮಟ್ಟ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕ ನೋಡುವುದು ಆಯಸ್ಸು, ಶಿಕ್ಷಣ, ಆದಾಯವನ್ನು, ನೆಲದ ವಿಸ್ತೀರ್ಣವನ್ನಲ್ಲ. ಹಾಗಾಗಿ ಒಟ್ಟು ಮೊತ್ತವನ್ನು ಬಳಸುವವರ ಸಂಖ್ಯೆಯಿಂದ ಭಾಗಿಸಬೇಕು.

ಮೊದಲು ಸಾಮಗ್ರಿ ಪಟ್ಟಿಯಿಂದ ತೂಕ ತೆಗೆಯಿರಿ. ಕಾಂಕ್ರೀಟ್ 40 ಘನ ಮೀಟರ್, ಘನ ಮೀಟರಿಗೆ 320 ಕಿಲೊ ಸಿಮೆಂಟ್ ಎಂದಾದರೆ 12.8 ಟನ್ ಸಿಮೆಂಟ್. ಮಿಶ್ರಣವಿಲ್ಲದ ಸಾದಾ ಸಿಮೆಂಟಿಗೆ ಕಿಲೊಗೆ ಸುಮಾರು 0.9 ಕಿಲೊ ಡೈಆಕ್ಸೈಡ್ ಹಿಡಿಯಿರಿ: 11.5 ಟನ್. ಅದಿರಿನಿಂದ ಮಾಡಿದ ಕಂಬಿ 4 ಟನ್, ಟನ್ನಿಗೆ 2.3ರಂತೆ 9.2 ಟನ್. ಗುಜರಿ ಕರಗಿಸಿ ಮಾಡಿದ ಕಂಬಿಯಾದರೆ ಇದು ತುಂಬ ಕಡಿಮೆ; ತಯಾರಕರಿಂದ ಅಂಕಿ ಕೇಳಿ ಪಡೆಯಿರಿ. ಸಾಗಣೆಗೆ ಲೀಟರ್ ಡೀಸೆಲಿಗೆ 2.7 ಕಿಲೊ. ಸುಟ್ಟ ಇಟ್ಟಿಗೆಯನ್ನು ಹಲವರು ಮರೆಯುತ್ತಾರೆ, ಅದು ಸಣ್ಣ ಬಾಬತ್ತಲ್ಲ. ಮರಳು, ಜಲ್ಲಿಗೆ ತಲೆ ಕೆಡಿಸಿಕೊಳ್ಳಬೇಡಿ.

ಸಿಮೆಂಟ್ ಮತ್ತು ಕಂಬಿ ಸೇರಿ 20.7 ಟನ್. ನಾಲ್ವರು 50 ವರ್ಷ ಬಳಸಿದರೆ ತಲೆಗೆ ವರ್ಷಕ್ಕೆ ಸುಮಾರು 104 ಕಿಲೊ. ನಲವತ್ತು ಮಕ್ಕಳಾದರೆ 10 ಕಿಲೊ. ಒಟ್ಟು ಮೊತ್ತವನ್ನೂ ಪಕ್ಕದಲ್ಲೇ ಬರೆಯಿರಿ, ಏಕೆಂದರೆ ಅಷ್ಟೂ ಅನಿಲ ಕಟ್ಟುವ ಕಾಲದಲ್ಲೇ ಗಾಳಿ ಸೇರಿರುತ್ತದೆ.

ಇಳಿಸುವ ಕೆಲಸ ಸಿಮೆಂಟಿನಿಂದ ಶುರುವಾಗಲಿ. ಕುಲುಮೆಯ ಉರುವಲು ಬದಲಿಸಿದರೂ ಸುಣ್ಣಕಲ್ಲು ಕಾದು ವಿಭಜನೆಯಾಗುವಾಗ ಬರುವ ಅನಿಲ ನಿಲ್ಲುವುದಿಲ್ಲ: 100 ಕಿಲೊ ಶುದ್ಧ ಸುಣ್ಣಕಲ್ಲಿನಿಂದ 44 ಕಿಲೊ. ಆದ್ದರಿಂದ ಕ್ಲಿಂಕರನ್ನೇ (ಸುಣ್ಣಕಲ್ಲು ಸುಟ್ಟು ಮಾಡುವ, ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ) ಕಡಿಮೆ ಮಾಡಬೇಕು. ಮೇಲಿನ ಸಿಮೆಂಟಿನ 40% ಬದಲು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಬಳಸಿದರೆ 4 ಟನ್ನಿನಷ್ಟು ಉಳಿತಾಯ. ಆದರೆ ಸ್ಲ್ಯಾಗ್ ಅಥವಾ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣುಪು ಬೂದಿ) ಬೆರೆತ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಸೆಂಟ್ರಿಂಗನ್ನು ಹಳೆಯ ಲೆಕ್ಕದಂತೆ ಬೇಗ ಬಿಚ್ಚಿದರೆ ಸ್ಲ್ಯಾಬ್ ಬಾಗುತ್ತದೆ. ನೀರುಣಿಸುವುದನ್ನು 7 ದಿನಕ್ಕೇ ನಿಲ್ಲಿಸಿದರೆ ಮೇಲ್ಮೈ ಪುಡಿಯೇಳುತ್ತದೆ. 10–14 ದಿನ ಒದ್ದೆ ಇಡಿ. ಚೀಲದಲ್ಲೇ ಸ್ಲ್ಯಾಗ್ ಬೆರೆತಿದ್ದರೆ ಸೈಟಿನಲ್ಲಿ ಮತ್ತೆ ಅಷ್ಟೇ ಸೇರಿಸಬೇಡಿ, ಬಲ ಕುಸಿಯುತ್ತದೆ.

ಲೆಕ್ಕ ಎಡವುವುದು ಹೆಚ್ಚಾಗಿ ಎರಡು ಕಡೆ. ಕೆಲವು ಕೋಷ್ಟಕಗಳು ಇಂಗಾಲವನ್ನಷ್ಟೇ ಕೊಡುತ್ತವೆ, ಅದನ್ನು 3.67ರಿಂದ ಗುಣಿಸದೆ ಡೈಆಕ್ಸೈಡಿನ ಜತೆ ಕೂಡುವಂತಿಲ್ಲ. ಇನ್ನೊಂದು, ನಕ್ಷೆಯಲ್ಲಿ ಬರೆದ ಜನರ ಸಂಖ್ಯೆ: ವರ್ಷವಿಡೀ ಬೀಗ ಬಿದ್ದಿರುವ ಮನೆಗೆ ಆರು ಜನರಿಂದ ಭಾಗಿಸಿದರೆ ಬರುವ ಉತ್ತರ ಸುಳ್ಳು.