‘ಮೇಬಿ ಅನ್‌ಇನಿಷಿಯಲೈಸ್ಡ್’: ಸೊನ್ನೆ ಹಾಕುವ ಮೊದಲು ನಾನು ನೋಡುವುದು

ಲಿನಕ್ಸ್ ಕರ್ನಲ್ ಕಂಪೈಲ್ ಮಾಡುವಾಗ ಜಿಸಿಸಿ ಎಂಬ ಕಂಪೈಲರ್ ಕೊಡುವ ವಾರ್ನಿಂಗ್‌ಗಳಲ್ಲಿ ‘ಮೇಬಿ ಅನ್‌ಇನಿಷಿಯಲೈಸ್ಡ್’, ಅಂದರೆ ‘ಈ ವೇರಿಯಬಲ್‌ಗೆ ಬೆಲೆ ಕೊಡದೆಯೇ ಬಳಸಿರಬಹುದು’ ಎನ್ನುವಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ಇದರ ಕಾಟ ತಾಳಲಾರದೆ 2020ರಲ್ಲಿ, 5.7ನೇ ಆವೃತ್ತಿಯಲ್ಲಿ, ಲಿನಸ್ ಟೋರ್ವಾಲ್ಡ್ಸ್ ಇದನ್ನು ಸಾಮಾನ್ಯ ಬಿಲ್ಡ್‌ನಿಂದ ತೆಗೆದೇ ಹಾಕಿದರು. ಈಗ ಮೇಕ್ ಆಜ್ಞೆಗೆ ಡಬ್ಲ್ಯೂ=2 ಎಂದು ಕೊಟ್ಟರೆ ಮಾತ್ರ ಕಾಣುತ್ತದೆ. ಆದರೂ ನನ್ನ ಡ್ರೈವರ್‌ಗಳನ್ನು ನಾನು ಇದಕ್ಕೆ ಒಡ್ಡುತ್ತೇನೆ. ಹತ್ತು ಸುಳ್ಳಿನ ನಡುವೆ ಸಿಗುವ ಒಂದು ನಿಜವನ್ನು ಬೇರೆ ಯಾವುದೂ ಹಿಡಿದುಕೊಡುವುದಿಲ್ಲ.

ಡಬ್ಲ್ಯೂ=2 ಕೊಟ್ಟರೆ ಹೆಡರ್ ಕಡತಗಳಿಂದಲೇ ಪುಟಗಟ್ಟಲೆ ಸುರಿಯುತ್ತದೆ. ಹಾಗಾಗಿ ಕಂಪೈಲರ್‌ಗೆ ಹೆಚ್ಚುವರಿ ಆಯ್ಕೆ ಕೊಡುವ ಕೆಸಿಫ್ಲ್ಯಾಗ್ಸ್ ಮೂಲಕ ಈ ಒಂದೇ ವಾರ್ನಿಂಗ್ ಅನ್ನು ಸೇರಿಸಿ, ಒಂದೇ ಕಡತದ ಡಾಟ್-ಓ (ಕಂಪೈಲ್ ಆದ ರೂಪ) ಗುರಿ ಕೊಟ್ಟು ಮೇಕ್ ಮಾಡುತ್ತೇನೆ. ಕೆಸಿಫ್ಲ್ಯಾಗ್ಸ್ ಸಾಲಿನ ಕೊನೆಗೆ ಸೇರುವುದರಿಂದ ಮೇಕ್‌ಫೈಲ್‌ನ ‘ಬೇಡ’ವನ್ನು ಅದು ಮೀರುತ್ತದೆ. ವಾರ್ನಿಂಗ್‌ಗಳನ್ನೇ ಎರರ್ ಮಾಡುವ, 5.15ರಲ್ಲಿ ಬಂದ ಕಾನ್ಫಿಗ್_ವೆರರ್ ಆನ್ ಆಗಿದ್ದರೆ ತನಿಖೆ ಮುಗಿಯುವವರೆಗೆ ಆಫ್.

ಬೇರೆಯವರ ವರದಿಯಾದರೆ ಮೊದಲ ಕಷ್ಟ, ಅದು ನಮ್ಮಲ್ಲಿ ಮರುಕಳಿಸದಿರುವುದು. ಅವರ ಕಾನ್ಫಿಗ್ ಕಡತ (ಕರ್ನಲ್ ಆಯ್ಕೆಗಳ ಪಟ್ಟಿ) ಇಳಿಸಿ, ಅದರಲ್ಲಿಲ್ಲದ ಆಯ್ಕೆಗಳಿಗೆ ಡಿಫಾಲ್ಟ್ ತುಂಬುವ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸುತ್ತೇವೆ. ನಮ್ಮ ಕಂಪೈಲರ್‌ನ ಆವೃತ್ತಿ ಬೇರೆಯಾಗಿದ್ದರೆ ಕೆಕಾನ್ಫಿಗ್ (ಕರ್ನಲ್‌ನ ಆಯ್ಕೆ ವ್ಯವಸ್ಥೆ) ಕೆಲವು ಆಯ್ಕೆಗಳನ್ನು ಸದ್ದಿಲ್ಲದೆ ಬದಲಿಸಿಬಿಡುತ್ತದೆ. ಅದಕ್ಕೇ ಮೂಲ ಪ್ರತಿ ಇಟ್ಟುಕೊಂಡು, ಸ್ಕ್ರಿಪ್ಟ್ಸ್ ಕೋಶದ ಡಿಫ್‌ಕಾನ್ಫಿಗ್‌ನಿಂದ ಎರಡನ್ನೂ ಹೋಲಿಸಬೇಕು. ಕಾಸನ್ (ಮೆಮೊರಿ ತಪ್ಪು ಹಿಡಿಯುವುದು), ಜಿಕೊವ್ (ಯಾವ ಸಾಲು ಓಡಿತೆಂದು ಎಣಿಸುವುದು), ಯುಬಿಸ್ಯಾನ್ (ಸಿ ಭಾಷೆಯ ನಿಯಮ ಮೀರಿದ್ದನ್ನು ಹಿಡಿಯುವುದು) ಇವುಗಳ ಮೇಲೆ ಕಣ್ಣಿರಲಿ. ಇವು ಕೋಡಿಗೆ ತಮ್ಮದೇ ತಪಾಸಣೆ ತುರುಕುವುದರಿಂದ ಯಾವ ಫಂಕ್ಷನ್ ಇನ್‌ಲೈನ್ ಆಗುತ್ತದೆ (ಕರೆದ ಜಾಗಕ್ಕೇ ಅದರ ಕೋಡ್ ಬಂದು ಕೂಡುತ್ತದೆ) ಎಂಬ ಲೆಕ್ಕವೇ ಬದಲಾಗುತ್ತದೆ. ಪ್ರತಿ ಕವಲನ್ನೂ ಎಣಿಸುವ ಪ್ರೊಫೈಲ್_ಆಲ್_ಬ್ರಾಂಚಸ್ ಅಂತೂ ‘ಇಫ್’ ಪದವನ್ನೇ ಮ್ಯಾಕ್ರೊ ಮಾಡಿಬಿಡುತ್ತದೆ. ಅದು ಆನ್ ಇದ್ದಾಗ ಬಂದ ವಾರ್ನಿಂಗ್‌ಗೆ ನಾನು ಬೆಲೆ ಕೊಡುವುದು ಕಡಿಮೆ.

ಮರುಕಳಿಸಿದ ಮೇಲೆ, ವಾರ್ನಿಂಗ್ ಬಂದ ಫಂಕ್ಷನ್ ತಾನು ಕರೆಯುವ ಸಣ್ಣ ಸ್ಟ್ಯಾಟಿಕ್ ಫಂಕ್ಷನ್‌ಗೆ ತಾತ್ಕಾಲಿಕವಾಗಿ ನೋಇನ್‌ಲೈನ್ (ಇನ್‌ಲೈನ್ ಮಾಡಬೇಡ ಎಂಬ ಗುರುತು) ಅಂಟಿಸುತ್ತೇನೆ. ವಾರ್ನಿಂಗ್ ಮಾಯವಾದರೆ ತೊಡಕು ಎರಡು ಫಂಕ್ಷನ್‌ಗಳ ನಡುವಿನದು. ಇಲ್ಲೇ ಹಲವರು ಎಡವುತ್ತಾರೆ: ಮಾಯವಾಯಿತು, ಆದ್ದರಿಂದ ಸುಳ್ಳು ಎಂದು ತೀರ್ಮಾನಿಸುತ್ತಾರೆ. ಹಾಗಲ್ಲ. ವೇರಿಯಬಲ್‌ನ ವಿಳಾಸ ಹೊರಗಿನ ಫಂಕ್ಷನ್‌ಗೆ ಹೋದರೆ ಅಲ್ಲಿ ಬೆಲೆ ತುಂಬಿರಬಹುದೆಂದು ಜಿಸಿಸಿ ನಂಬಿ ಸುಮ್ಮನಾಗುತ್ತದೆ. ನೋಇನ್‌ಲೈನ್ ಅದರ ಕಣ್ಣಿಗೆ ಕಟ್ಟಿದ ಬಟ್ಟೆ ಅಷ್ಟೆ. ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ ಸುಮ್ಮನಿರುವುದೂ ಸಾಕ್ಷಿಯಲ್ಲ. ಅದರ ತಪಾಸಣೆ ಇನ್‌ಲೈನ್ ಆಗುವ ಮೊದಲೇ, ಒಂದೊಂದು ಫಂಕ್ಷನ್‌ನೊಳಗೆ ಮುಗಿದಿರುತ್ತದೆ. ಆದರೆ ಕ್ಲ್ಯಾಂಗ್ ‘ಸಮ್‌ಟೈಮ್ಸ್ ಅನ್‌ಇನಿಷಿಯಲೈಸ್ಡ್’ ಎಂದು ಕೂಗಿದರೆ ಕಿವಿಗೊಡಿ, ಅದು ಬಹುಪಾಲು ನಿಜವೇ.

ಒಳಗೆ ಏನಾಗಿದೆ ಎಂದು ನೋಡಲು ಮೇಕ್‌ಗೆ ವಿ=1 ಕೊಟ್ಟು ಕಂಪೈಲ್‌ನ ಪೂರ್ತಿ ಆಜ್ಞೆಯನ್ನು ಎತ್ತಿಕೊಂಡು, ಅದಕ್ಕೆ ಕಂಪೈಲರ್‌ನ ಒಳಹಂತಗಳನ್ನು ಕಡತಗಳಿಗೆ ಇಳಿಸುವ ಎಫ್-ಡಂಪ್-ಟ್ರೀ-ಆಲ್ ಸೇರಿಸಿ ಓಡಿಸುತ್ತೇನೆ. ರಾಶಿ ಬೀಳುವ ಕಡತಗಳಲ್ಲಿ ಹೆಸರಿನಲ್ಲಿ ‘ಅನ್‌ಇನಿಟ್’ ಇರುವುದನ್ನು ತೆರೆದು, ನಮ್ಮ ವೇರಿಯಬಲ್‌ನ ಫೈ ಸಾಲು ಹುಡುಕಬೇಕು. ಎರಡು ದಾರಿ ಕೂಡುವಲ್ಲಿ ಯಾವ ದಾರಿಯಿಂದ ಯಾವ ಬೆಲೆ ಬರುತ್ತದೆ ಎಂದು ಆ ಸಾಲು ಹೇಳುತ್ತದೆ. ಬೆಲೆಯ ಪಕ್ಕದಲ್ಲಿ ಕಂಸದೊಳಗೆ ‘ಡಿ’ ಅಕ್ಷರವಿದ್ದರೆ ಅದು ಯಾರೂ ಏನೂ ತುಂಬದ ಬೆಲೆ. ಅದರ ಜೊತೆಗಿನ ಬ್ಲಾಕ್ ಸಂಖ್ಯೆ ಹಿಡಿದು ಹಿಂದಕ್ಕೆ ನಡೆದರೆ, ಜಿಸಿಸಿ ಯಾವ ದಾರಿಯನ್ನು ‘ಸಾಧ್ಯ’ ಎಂದುಕೊಂಡಿದೆಯೋ ಆ ದಾರಿ ಸಿಗುತ್ತದೆ. ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಆ ದಾರಿಯಲ್ಲಿ ಓಡಲು ಯಂತ್ರಕ್ಕೆ ಸಾಧ್ಯವೇ?

ಕರ್ನಲ್‌ನಲ್ಲಿ ಮತ್ತೆಮತ್ತೆ ಸಿಗುವ ದಾರಿ ಹೀಗಿರುತ್ತದೆ. ಒಳಗಿನ ಫಂಕ್ಷನ್ ಒಂದು ಪಾಯಿಂಟರ್ ಪಡೆಯುತ್ತದೆ. ಈಸ್_ಎರ್ (ಪಾಯಿಂಟರ್‌ನಲ್ಲಿ ಎರರ್ ಸಂಖ್ಯೆ ಅಡಗಿದೆಯೇ ಎಂಬ ಪರೀಕ್ಷೆ) ನಿಜವಾದರೆ ಆ ಸಂಖ್ಯೆ ಕೊಡುವ ಪಿಟಿಆರ್_ಎರ್ ಬೆಲೆಯನ್ನು ಇಂಟ್ ಆಗಿ ಹಿಂದಿರುಗಿಸುತ್ತದೆ. ಇಲ್ಲವಾದರೆ ‘ಲೆನ್’ ತುಂಬಿ 0 ಕೊಡುತ್ತದೆ. ಹೊರಗಿನದು ಎರರ್ 0 ಆಗಿದ್ದರೆ ಮಾತ್ರ ಲೆನ್ ಬಳಸುತ್ತದೆ. ನಮ್ಮ ಕಣ್ಣಿಗೆ ಇದರಲ್ಲಿ ತಪ್ಪೇ ಇಲ್ಲ, ಏಕೆಂದರೆ ಈಸ್_ಎರ್ ನಿಜವಾಗುವುದು -4095ರಿಂದ -1ರವರೆಗಿನ ಬೆಲೆಗಳಿಗಷ್ಟೆ, ಅವುಗಳಲ್ಲಿ ಸೊನ್ನೆಯಿಲ್ಲ. ಆದರೆ ಇನ್‌ಲೈನ್ ಆದ ಮೇಲೆ ಜಿಸಿಸಿ ಮುಂದಿರುವುದು ಒಂದಕ್ಕೊಂದು ನಂಟಿಲ್ಲದ ಎರಡು ಪರೀಕ್ಷೆ: 64 ಬಿಟ್‌ನ ಚಿಹ್ನೆಯಿಲ್ಲದ ಹೋಲಿಕೆ ಒಂದು, ಅದೇ ಬೆಲೆಯನ್ನು 32 ಬಿಟ್‌ಗೆ ಕತ್ತರಿಸಿ ಸೊನ್ನೆಯೇ ಎಂದು ಕೇಳುವುದು ಇನ್ನೊಂದು. ಮೊದಲನೆಯದು ನಿಜವಾದರೆ ಎರಡನೆಯದು ಸೊನ್ನೆಯಾಗದು ಎಂಬುದು ಅದಕ್ಕೆ ಹೊಳೆಯದಿದ್ದರೆ ವಾರ್ನಿಂಗ್ ಬರುತ್ತದೆ. ಮದ್ದು: ಒಳಗಿನ ಫಂಕ್ಷನ್‌ನಲ್ಲಿ ಎರರ್ ಇದ್ದರೆ ಅದನ್ನು, ಇಲ್ಲದಿದ್ದರೆ 0 ಕೊಡುವ ಪಿಟಿಆರ್_ಎರ್_ಆರ್_ಝೀರೋ ಬೆಲೆಯನ್ನು ಎರರ್‌ಗೆ ಹಾಕಿ, ಆ ಎರರ್ ಅನ್ನೇ ಪರೀಕ್ಷಿಸಿ. ಎರಡೂ ಕಡೆ ಒಂದೇ ಇಂಟ್, ಒಂದೇ ಪ್ರಶ್ನೆ. ವಾರ್ನಿಂಗ್ ಹೋಗುತ್ತದೆ, ಓದುವವರಿಗೂ ಸಲೀಸು.

ಇದರ ದಾಯಾದಿ ಇನ್ನೊಂದಿದೆ. ಒಳಗೆ ರೆಗ್‌ಮ್ಯಾಪ್_ರೀಡ್ (ಸಾಧನದ ರಿಜಿಸ್ಟರ್ ಓದುವ ಕರೆ) ಮಾಡಿ ‘ರೆಟ್ ಸೊನ್ನೆಯಲ್ಲದಿದ್ದರೆ ಹಿಂದಿರುಗು’ ಎಂದಿರುತ್ತದೆ. ಹೊರಗೆ ‘ರೆಟ್ ಸೊನ್ನೆಗಿಂತ ಕಡಿಮೆಯಿದ್ದರೆ’ ಎಂದಿರುತ್ತದೆ. ರೆಟ್ 1 ಆದರೆ? ಒಳಗಿನದು ಬೆಲೆ ತುಂಬದೆ ಹೊರಟಿತು, ಹೊರಗಿನದು ಯಶಸ್ಸು ಎಂದುಕೊಂಡಿತು. ರೆಗ್‌ಮ್ಯಾಪ್_ರೀಡ್ ಧನಸಂಖ್ಯೆ ಕೊಡುವುದಿಲ್ಲ ಎಂಬ ಒಪ್ಪಂದ ನಮ್ಮ ತಲೆಯಲ್ಲಿದೆ, ಕೋಡಿನಲ್ಲಿಲ್ಲ. ಇದನ್ನು ಜಿಸಿಸಿಯ ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಎರಡೂ ಕಡೆ ಒಂದೇ ರೀತಿ ಪರೀಕ್ಷಿಸಿದರೆ ಆಯಿತು.

ಇದೆಲ್ಲ ಬಿಟ್ಟು ಘೋಷಣೆಯ ಸಾಲಿನಲ್ಲೇ ‘= 0’ ಹಾಕುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲೂ ‘ರೆಟ್ = 0’. ನಾಳೆ ಯಾರೋ ಹೊಸ ‘ಗೋಟು ಔಟ್’ ಸೇರಿಸಿ ರೆಟ್ ತುಂಬಲು ಮರೆತರೆ, ಸೋತ ಕೆಲಸ ಯಶಸ್ಸಿನ ವೇಷದಲ್ಲಿ ಹೊರಬರುತ್ತದೆ, ಯಾವ ಕಂಪೈಲರ್ ಕೂಡ ತುಟಿ ಬಿಚ್ಚುವುದಿಲ್ಲ. ಹಿಂದೆ ಇದಕ್ಕೆಂದೇ ಅನ್‌ಇನಿಷಿಯಲೈಸ್ಡ್_ವಾರ್ ಎಂಬ ಮ್ಯಾಕ್ರೊ ಇತ್ತು; ‘ಎಕ್ಸ್ = ಎಕ್ಸ್’ ಎಂದು ಬರೆದು ಕಂಪೈಲರ್ ಬಾಯಿ ಮುಚ್ಚಿಸುತ್ತಿತ್ತು. ನಿಜವಾದ ದೋಷಗಳನ್ನೂ ಮುಚ್ಚುತ್ತಿದ್ದುದರಿಂದ 5.9ರಲ್ಲಿ ಕಿತ್ತುಹಾಕಿದರು.

ದಾರಿ ಸಾಧ್ಯವೋ ಅಲ್ಲವೋ ಎಂಬ ಅನುಮಾನ ಓದಿ ತೀರದಿದ್ದರೆ ಕರ್ನಲ್ ಓಡುವಾಗಲೇ ತಪಾಸಣೆ ಮಾಡುವ ಕೆಎಮ್‌ಸ್ಯಾನ್ ಇದೆ. 6.1ರಲ್ಲಿ ಸೇರಿತು, ಕ್ಲ್ಯಾಂಗ್ ಬೇಕು, ಓಟ ತುಂಬ ನಿಧಾನ. ತುಂಬದ ಬೆಲೆಯ ಮೇಲೆ ಕೋಡ್ ಕವಲೊಡೆದ ಕ್ಷಣವೇ ವರದಿ ಕೊಡುತ್ತದೆ. ಆದರೆ ಆ ದಾರಿಯಲ್ಲಿ ಓಡಿದರೆ ಮಾತ್ರ; ಹಾಗಾಗಿ ಎರರ್ ದಾರಿಗಳನ್ನು ಫಾಲ್ಟ್ ಇಂಜೆಕ್ಷನ್‌ನಿಂದ (ಬೇಕೆಂದೇ ಸೋಲು ತುರುಕಿ) ಬಲವಂತವಾಗಿ ಓಡಿಸಬೇಕಾಗುತ್ತದೆ.

ಸುಳ್ಳೇ ಎಂದು ಖಚಿತವಾಗಿ, ಕೋಡ್ ತಿದ್ದಿ ಚಂದ ಮಾಡುವ ದಾರಿಯೂ ಇಲ್ಲದಿದ್ದರೆ ಜಿಸಿಸಿಗೆ ವರದಿ ಮಾಡಬೇಕು. ಡಾಟ್-ಐ ಗುರಿ ಕೊಟ್ಟು ಪ್ರಿಪ್ರೊಸೆಸ್ ಆದ ಕಡತ ಪಡೆದು ಕೋಡನ್ನು ಕತ್ತರಿಸುತ್ತ ಚಿಕ್ಕದು ಮಾಡುವ ಸಿ-ವೈಸ್‌ನಲ್ಲಿ ಅರೆಯಲು ಬಿಡುತ್ತೇನೆ. ಎಚ್ಚರ: ‘ವಾರ್ನಿಂಗ್ ಉಳಿದಿರಬೇಕು’ ಎಂಬುದೊಂದೇ ಷರತ್ತಾದರೆ, ಅದು ಬೆಲೆ ತುಂಬುವ ಸಾಲನ್ನೇ ಅಳಿಸಿ ನಿಜವಾದ ದೋಷವೊಂದನ್ನು ತಯಾರಿಸಿ ಕೈಗಿಡುತ್ತದೆ. ನನ್ನ ಸ್ಕ್ರಿಪ್ಟ್‌ನಲ್ಲಿ ಇನ್ನೆರಡು ಷರತ್ತು ಇರುತ್ತವೆ: ಕ್ಲ್ಯಾಂಗ್ ಅದೇ ಕಡತಕ್ಕೆ ಅನ್‌ಇನಿಷಿಯಲೈಸ್ಡ್ ಗುಂಪಿನ ಯಾವ ವಾರ್ನಿಂಗ್ ಅನ್ನೂ ಕೊಡಬಾರದು, ರಿಟರ್ನ್ ಇಲ್ಲದ ಫಂಕ್ಷನ್, ಘೋಷಣೆಯಿಲ್ಲದ ಕರೆ ಇವು ಎರರ್ ಆಗಬೇಕು. ಆಮೇಲೂ ಉಳಿದ ಚೂರನ್ನು ಕೈಯಾರೆ ಓದಬೇಕು. ಜಿಸಿಸಿ ಬಗ್‌ಜಿಲ್ಲಾದಲ್ಲಿ ಈ ಜಾತಿಯ ದೂರುಗಳನ್ನೆಲ್ಲ ಒಟ್ಟಿಗೆ ಕಟ್ಟಿರುವ ಮೆಟಾ ಬಗ್ 24639, ನಿಮ್ಮದು ಅಲ್ಲಿ ಆಗಲೇ ಇರಬಹುದು.

ಮೆಮ್‌ಸೆಟ್‌ನಂಥವು ಅಳತೆ ಮೀರಿ ಬರೆಯದಂತೆ ಕಾಯುವ ಫೋರ್ಟಿಫೈ ವಾರ್ನಿಂಗ್‌ಗಳ ಮೋಸ ಬೇರೆ ಬಗೆಯದು: ಸುದ್ದಿ ನಿಜ, ವಿಳಾಸ ಸುಳ್ಳು. ತೋರಿಸುವ ಸಾಲು ಫೋರ್ಟಿಫೈ-ಸ್ಟ್ರಿಂಗ್ ಹೆಡರ್‌ನದು, ಆರೋಪಿ ಮಾತ್ರ ‘ಇನ್‌ಲೈನ್ಡ್ ಫ್ರಮ್’ ಸರಣಿಯ ಕೆಳಗೆ ನಮ್ಮ ಮೆಮ್‌ಸೆಟ್‌ನಲ್ಲಿರುತ್ತಾನೆ. ಸ್ಟ್ರಕ್ಟ್‌ನ ಅಕ್ಕಪಕ್ಕದ ಫೀಲ್ಡ್‌ಗಳನ್ನು ಬೇಕೆಂದೇ ಒಟ್ಟಿಗೆ ಒರೆಸುತ್ತಿದ್ದರೆ ಅವನ್ನು ಒಂದು ಗುಂಪು ಮಾಡುವ ಸ್ಟ್ರಕ್ಟ್_ಗ್ರೂಪ್ ಬಳಸಿ.

ಪ್ಯಾಚ್ ವಿವರಣೆಯಲ್ಲಿ ವಾರ್ನಿಂಗ್‌ನ ಪೂರ್ತಿ ಪಠ್ಯ, ಜಿಸಿಸಿ ಆವೃತ್ತಿ, ಮುಖ್ಯವಾದ ಕಾನ್ಫಿಗ್ ಆಯ್ಕೆ ಇವಿಷ್ಟೂ ಇರಲಿ. ದೋಷ ನಿಜವಾಗಿದ್ದರೆ ಮಾತ್ರ, ಅದನ್ನು ತಂದ ಹಳೆಯ ಪ್ಯಾಚ್ ಹೆಸರಿಸುವ ‘ಫಿಕ್ಸಸ್’ ಸಾಲು. ಬಾಯಿ ಮುಚ್ಚಿಸುವ ಪ್ಯಾಚ್‌ಗೆ ಅದನ್ನು ಅಂಟಿಸಿದರೆ ಸ್ಟೇಬಲ್ ಕರ್ನಲ್‌ಗಳಿಗೂ ಅದು ಸುಮ್ಮನೆ ಹರಿದುಹೋಗುತ್ತದೆ. ಕಳುಹಿಸುವ ಮೊದಲು ತಿದ್ದುವ ಮೊದಲಿನ, ಆಮೇಲಿನ ಡಾಟ್-ಓ ಎರಡನ್ನೂ ಗಾತ್ರ ಹೋಲಿಸುವ ಬ್ಲೋಟ್-ಓ-ಮೀಟರ್‌ಗೆ ಕೊಟ್ಟು ನೋಡಿ. ಬರೀ ರೂಪ ಬದಲಿಸಿದ್ದೇವೆ ಎಂದುಕೊಂಡ ಪ್ಯಾಚ್ ಐವತ್ತು ಬೈಟ್ ಬೆಳೆದಿದ್ದರೆ, ಯಂತ್ರದ ಸೂಚನೆಗಳನ್ನು ತೋರಿಸುವ ಆಬ್ಜ್‌ಡಂಪ್ ತೆರೆದು ಬೆಳೆದ ಜಾಗ ಯಾವುದೆಂದು ಹುಡುಕಿ.